ದೇವರ ಕರೆ ಮತ್ತು ಸಭೆಗೆ ಬರುವ ಹೊಸಬರು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದು ಜನ ಹೊರಗೆ ಬರುವ ಹೊತ್ತಿನಲ್ಲಿ, ದೇವಾಲಯದ (ಚರ್ಚಿನ) ಮೆಟ್ಟಿಲ ಬಳಿ ಸಭಾಹಿರಿಯರನ್ನು ತಡೆದು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಎರಡು ಬಗೆಯವು. ದೇವರು ನನ್ನನ್ನು ಕರೆಯುತ್ತಿದ್ದಾನೆಯೇ ಎಂಬುದು ಒಂದು; ನಾನು ಹೊಸಬ, ಇಲ್ಲಿ ನನಗೆ ಜಾಗವಿದೆಯೇ ಎಂಬುದು ಇನ್ನೊಂದು. ಸಭಾಹಿರಿಯನಾಗಿ ಹಲವು ವರ್ಷ ಈ ಪ್ರಶ್ನೆಗಳನ್ನು ಕೇಳಿಸಿಕೊಂಡ ಮೇಲೆ, ಇವೆರಡನ್ನೂ ಬೇರೆ ಬೇರೆಯಾಗಿ ಉತ್ತರಿಸಲಾಗದು ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿದೆ. ಆ ಕಾರಣಕ್ಕೆ ಇಲ್ಲಿ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ. ನಾನು ಬೆಳೆದದ್ದು ಕನ್ನಡ ಪ್ರಾಟೆಸ್ಟೆಂಟ್ ಸಭೆಯಲ್ಲಾದ್ದರಿಂದ ರೂಢಿಯ ವಿವರಗಳು ಅಲ್ಲಿನವೇ ಆಗಿವೆ.

ದೇವರ ಕರೆ ಎಂದರೇನು? ಅದು ಸಭಾಪಾಲಕರಾಗುವವರಿಗೆ ಮಾತ್ರ ಬರುವುದೇ?

ಅಲ್ಲ. ಸತ್ಯವೇದದ (ಬೈಬಲಿನ) ಹೊಸ ಒಡಂಬಡಿಕೆಯಲ್ಲಿ ನಾವು ‘ಸಭೆ’ ಎಂದು ಓದುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಎಕ್ಲೇಸಿಯ’. ಆ ಪದದ ಒಡಲಲ್ಲೇ ‘ಕರೆ’ ಎಂಬ ಅರ್ಥದ ಧಾತು ಇದೆ. ಪಟ್ಟಣದ ಪೌರರನ್ನು ಕರೆದು ಕೂಡಿಸಿದ ಕೂಟಕ್ಕೆ ಗ್ರೀಕರು ಆ ಹೆಸರು ಬಳಸುತ್ತಿದ್ದರು. ರೋಮಾಪುರದವರಿಗೂ ಕೊರಿಂಥದವರಿಗೂ ಬರೆದ ಪತ್ರಗಳ ಮೊದಲ ಸಾಲುಗಳಲ್ಲಿ ಪೌಲನು ತಾನು ಅಪೊಸ್ತಲನಾಗಲು, ಅಂದರೆ ಕ್ರಿಸ್ತನು ಕಳುಹಿಸಿದ ದೂತನಾಗಲು, ಕರೆ ಹೊಂದಿದವನೆಂದು ಹೇಳಿಕೊಳ್ಳುತ್ತಾನೆ. ಆ ಉಸಿರಿನಲ್ಲೇ ಓದುವವರನ್ನೂ ಕರೆ ಹೊಂದಿದವರೆಂದು ಸಂಬೋಧಿಸುತ್ತಾನೆ. ಕೊರಿಂಥದ ಆ ಸಭೆಯಲ್ಲಿ ಲೋಕದ ದೃಷ್ಟಿಯಲ್ಲಿ ಜ್ಞಾನಿಗಳೋ ಅಧಿಕಾರಸ್ಥರೋ ಕುಲೀನರೋ ಹೆಚ್ಚು ಮಂದಿ ಇರಲಿಲ್ಲವೆಂದು ಅವನೇ ಬರೆಯುತ್ತಾನೆ.

ಮಧ್ಯಯುಗದ ಯೂರೋಪಿನಲ್ಲಿ ‘ಕರೆ’ ಎಂಬ ಮಾತು ಮಠ ಸೇರುವವರ ಮತ್ತು ಪಾದ್ರಿಗಳ ಸ್ವತ್ತೆಂಬಂತಾಗಿತ್ತು. 16ನೆಯ ಶತಮಾನದಲ್ಲಿ ಸಭಾಸುಧಾರಕ ಮಾರ್ಟಿನ್ ಲೂಥರ್ ಅದನ್ನು ಅಡುಗೆಮನೆಗೆ, ಹೊಲಕ್ಕೆ, ಚಮ್ಮಾರನ ಅಂಗಡಿಗೆ ಮರಳಿ ತಂದನು. ನಂಬಿಕೆಯಿಂದ ಮಗುವಿನ ಕೊಳೆಬಟ್ಟೆ ಒಗೆಯುವ ತಂದೆಯನ್ನು ಕಂಡು ನೆರೆಯವರು ನಗಬಹುದು, ದೇವರಾದರೋ ಸಂತೋಷದಿಂದ ನಗುತ್ತಾನೆ ಎಂಬರ್ಥದ ಮಾತನ್ನು ಅವನು 1522ರಲ್ಲೇ ಬರೆದಿದ್ದಾನೆ. ದಾದಿಯರಾಗಿ, ಶಿಕ್ಷಕರಾಗಿ, ಬಸ್ ಓಡಿಸುವವರಾಗಿ ದುಡಿಯುವ ನಮ್ಮ ಸಭೆಯವರಿಗೆ ನಾನು ಮೊದಲು ಹೇಳುವ ಉತ್ತರ ಇದೇ: ನೀವು ಈಗಾಗಲೇ ಕರೆ ಹೊಂದಿದವರು.

ನನಗೆ ಯಾವ ಧ್ವನಿಯೂ ಕೇಳಿಸಿಲ್ಲ. ದೇವರು ಕರೆಯುತ್ತಿದ್ದಾನೆಂದು ಹೇಗೆ ತಿಳಿಯಬೇಕು?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಸಮುವೇಲನ ಮೊದಲನೆಯ ಪುಸ್ತಕದ ಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದಿರೆಂದು ಹೇಳುತ್ತೇನೆ. ಶೀಲೋವಿನ ಮಂದಿರದಲ್ಲಿ ದೀಪ ಇನ್ನೂ ಆರಿರಲಿಲ್ಲ. ಕಣ್ಣು ಮೊಬ್ಬಾದ ಮುದುಕ ಯಾಜಕ ಏಲಿ ತನ್ನ ಜಾಗದಲ್ಲಿ ಮಲಗಿದ್ದನು; ಹುಡುಗ ಸಮುವೇಲನು ದೇವರ ಮಂಜೂಷ (ಪವಿತ್ರ ಪೆಟ್ಟಿಗೆ) ಇದ್ದ ಕಡೆ ಮಲಗಿದ್ದನು. ತನ್ನ ಹೆಸರು ಹಿಡಿದು ಕರೆದದ್ದು ಕೇಳಿಸಿದಾಗ ಹುಡುಗ ಎದ್ದು ಓಡಿದ್ದು ಏಲಿಯ ಬಳಿಗೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದನು ಏಲಿ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಮುದುಕನಿಗೆ ಹೊಳೆಯಿತು: ಈ ಹುಡುಗನನ್ನು ಕರೆಯುತ್ತಿರುವವನು ಯೆಹೋವನು. ಇನ್ನೊಮ್ಮೆ ಕರೆದರೆ "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಎನ್ನಬೇಕೆಂದು ಹೇಳಿಕೊಟ್ಟು ಕಳುಹಿಸಿದನು.

ಈ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಾವೆಲ್ಲ ಕೇಳಿದ್ದೇವೆ. ಕೇಳುವಾಗ ಕಣ್ಣೆಲ್ಲ ಹುಡುಗನ ಮೇಲೆಯೇ ಇತ್ತು. ವಯಸ್ಸಾದಂತೆ ನನ್ನ ಕಣ್ಣು ಏಲಿಯ ಕಡೆಗೆ ಹೋಗುತ್ತಿದೆ. ದೇವರ ಧ್ವನಿ ಸಮುವೇಲನಿಗೆ ಮನುಷ್ಯರ ಧ್ವನಿಯಂತೆಯೇ ಕೇಳಿಸಿತು, ಅದೂ ಪರಿಚಿತರ ಧ್ವನಿಯಂತೆ. ಅದು ಯಾರ ಧ್ವನಿಯೆಂದು ಗುರುತಿಸಲು ಅವನಿಗೆ ಇನ್ನೊಬ್ಬರು ಬೇಕಾಯಿತು. ಆ ಇನ್ನೊಬ್ಬರಾದರೂ ಎಂಥವರು? ಕಣ್ಣು ಮಂದವಾದ, ಸ್ವಂತ ಮಕ್ಕಳನ್ನು ತಿದ್ದಲಾಗದ ಒಬ್ಬ ಯಾಜಕ. ಹುಡುಗನಿಗೆ ಬಂದ ಮಾತು ಏಲಿಯ ಮನೆತನದ ಮೇಲಿನ ತೀರ್ಪೇ ಆಗಿತ್ತು. ಆದರೂ ಬೆಳಗ್ಗೆ ಏಲಿ ಅದನ್ನು ಮರೆಮಾಚದೆ ಹೇಳೆಂದು ಕೇಳಿ, ತಲೆಬಾಗಿ ಒಪ್ಪಿಕೊಂಡನು.

ಆದುದರಿಂದ, ಧ್ವನಿ ಕೇಳಿಸಲಿಲ್ಲವೆಂದು ಕೊರಗಬೇಡಿ. ಒಂದು ಕೆಲಸ, ಒಂದು ಹೊರೆ, ಒಬ್ಬ ಮನುಷ್ಯನ ಕಷ್ಟ ಮನಸ್ಸಿನಿಂದ ಇಳಿಯದೆ ಮತ್ತೆ ಮತ್ತೆ ಬಂದು ತಟ್ಟುತ್ತಿದ್ದರೆ, ಅದನ್ನು ನಿಮಗಿಂತ ಮುಂಚೆ ಈ ದಾರಿಯಲ್ಲಿ ನಡೆದ ಒಬ್ಬರ ಬಳಿ ಹೇಳಿ. ಅವರು ಪರಿಪೂರ್ಣರಾಗಿರಬೇಕಾಗಿಲ್ಲ.

ನನ್ನ ಆಸೆಯನ್ನೇ ನಾನು ಕರೆಯೆಂದು ತಿಳಿದುಕೊಂಡಿದ್ದರೆ?

ಇದು ನಿಜವಾದ ಅಪಾಯ, ಮತ್ತು ಈ ಭಯವಿರುವುದು ಒಳ್ಳೆಯ ಲಕ್ಷಣ. ಸತ್ಯವೇದದಲ್ಲಿ ಕರೆ ಹೊಂದಿದವರು ಬಹುಮಟ್ಟಿಗೆ ಹಿಂದೆಗೆದವರೇ. ಮೋಶೆಯು ತನಗೆ ಮಾತು ಬಾರದೆಂದನು. ಯೆರೆಮೀಯನು ತಾನಿನ್ನೂ ಬಾಲಕನೆಂದನು. ತೆಕೋವದ ಆಮೋಸನು ತಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಕುರಿಮಂದೆಯ ಹಿಂದಿನಿಂದ ಬಂದವನೆಂದನು. ಹಿಂಜರಿಕೆಯೊಂದೇ ಕರೆಗೆ ಸಾಕ್ಷಿಯಲ್ಲ, ಆದರೆ ವೇದಿಕೆಯ ಮೇಲಿನ ಕುರ್ಚಿಗಾಗಿ ಆತುರಪಡುವವರನ್ನು ನೋಡಿದಾಗ ನನಗೆ ಈ ಮೂವರ ನೆನಪಾಗುತ್ತದೆ.

ಹಳೆಯ ಸಭೆಗಳು ಕಾಲವನ್ನೇ ಪರೀಕ್ಷಕನನ್ನಾಗಿ ಮಾಡಿಕೊಂಡಿದ್ದವು. 6ನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠಕ್ಕಾಗಿ ಬರೆದ ನಿಯಮದಲ್ಲಿ, ಸನ್ಯಾಸಿಯಾಗಬೇಕೆಂದು ಬಂದವನನ್ನು ಸುಲಭವಾಗಿ ಒಳಗೆ ಬಿಡಬಾರದೆಂದಿದೆ. ಅವನು ನಾಲ್ಕೈದು ದಿನ ಬಾಗಿಲಲ್ಲಿ ತಾಳ್ಮೆಯಿಂದ ಕಾದರೆ ಒಳಗೆ ಸೇರಿಸಿಕೊಂಡು, ಎರಡು ತಿಂಗಳ ಮೇಲೆ ಒಮ್ಮೆ, ಮತ್ತೆ ಆರು ತಿಂಗಳ ಮೇಲೆ, ಮತ್ತೆ ನಾಲ್ಕು ತಿಂಗಳ ಮೇಲೆ ಇಡೀ ನಿಯಮವನ್ನು ಅವನಿಗೆ ಓದಿ ಹೇಳಬೇಕು. ಬೇಡವೆನಿಸಿದರೆ ಅವನು ಹೊರಟುಹೋಗಬಹುದು. ಅದೇ ಪುಸ್ತಕದಲ್ಲಿ ಅತಿಥಿಗಳ ಬಗ್ಗೆ ಇರುವ ನಿಯಮ ಇದಕ್ಕೆ ಪೂರ್ತಿ ಬೇರೆ: ಬಂದವರನ್ನೆಲ್ಲ ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು. ಬಾಗಿಲಲ್ಲಿ ಬುದ್ಧಿವಂತನಾದ ಒಬ್ಬ ವೃದ್ಧನಿರಬೇಕು. ಯಾರಾದರೂ ತಟ್ಟಿದ ಕೂಡಲೇ ಅವನು ದೇವರಿಗೆ ಸ್ತೋತ್ರ ಹೇಳಿ ಓಗೊಡಬೇಕು. ಜವಾಬ್ದಾರಿ ಕೊಡುವುದಕ್ಕೆ ನಿಧಾನ, ಬರಮಾಡಿಕೊಳ್ಳುವುದಕ್ಕೆ ಅವಸರ: ನಮ್ಮ ಸಭೆಗಳಲ್ಲಿ ಇದು ಎಷ್ಟೋ ಸಲ ತಲೆಕೆಳಗಾಗಿರುವುದನ್ನು ನೋಡಿ ನಾನು ನೊಂದಿದ್ದೇನೆ.

ಸಭಾಸೇವೆಗೆ ಕರೆಯಿದೆ ಎನಿಸಿದವರು ಏನು ಮಾಡಬೇಕು?

ಮೊದಲು ನಿಮ್ಮ ಅಯ್ಯನವರ, ಅಂದರೆ ಸಭಾಪಾಲಕರ, ಬಳಿ ಮಾತಾಡಿ. ಸ್ಥಳೀಯ ಸಭೆಯ ಒಪ್ಪಿಗೆ, ಆಮೇಲೆ ಸಭಾಪ್ರಾಂತದ (ಬಿಷಪರ ಆಡಳಿತದ ಪ್ರದೇಶದ) ಪರಿಶೀಲನೆ, ಅನಂತರ ದೇವಶಾಸ್ತ್ರದ ಅಧ್ಯಯನ, ಇದು ಸಾಮಾನ್ಯ ಕ್ರಮ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮತ್ತು 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ನಮ್ಮವರಿಗೆ ಪರಿಚಿತ ಸಂಸ್ಥೆಗಳು. ಆ ತನಕ ನಿಮ್ಮ ಬೀದಿಯ ಪ್ರಾರ್ಥನಾ ಕೂಟದಲ್ಲಿ ಚಾಪೆ ಹಾಸುವ ಕೆಲಸವಿದ್ದರೆ ಅದನ್ನು ಮಾಡಿ.

ಹೆಂಗಸರಿಗೂ ಈ ಕರೆ ಇದೆಯೇ?

ಇದೆ. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಲು ಕರ್ತನಾದ ಯೇಸು ಮೊದಲು ಕಳುಹಿಸಿದ್ದು ಮಗ್ದಲದ ಮರಿಯಳನ್ನು. ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಏಕವಾಗಿ ರೂಪುಗೊಂಡದ್ದು 1947ರ ಸೆಪ್ಟೆಂಬರ್ 27ರಂದು. ಅದರಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ, ಇ. ಪುಷ್ಪಲಲಿತ, ನಂದ್ಯಾಲದ ಬಿಷಪರಾಗಿ ಅಭಿಷೇಕ ಹೊಂದಿದ್ದು 2013ರಲ್ಲಿ. ನಡುವಿನ ಈ 66 ವರ್ಷಗಳಲ್ಲಿ ದೇವರು ಹೆಂಗಸರನ್ನು ಕರೆಯದೆ ಸುಮ್ಮನಿದ್ದನೆಂದು ನಾನು ನಂಬುವುದಿಲ್ಲ. ಏಲಿಗಳಾಗಬೇಕಿದ್ದ ನಾವು ಹೋಗಿ ಮಲಗಿಕೊಳ್ಳಿ ಎನ್ನುತ್ತಲೇ ಇದ್ದೆವು.

ದೇವರ ಕರೆಗೂ ಹೊಸಬರನ್ನು ಸೇರಿಸಿಕೊಳ್ಳುವುದಕ್ಕೂ ಏನು ಸಂಬಂಧ?

ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯವನ್ನು ಸೌಲನ (ಮುಂದೆ ಪೌಲನೆನಿಸಿದವನ) ಮಾರ್ಪಾಟಿನ ಅಧ್ಯಾಯವೆಂದು ಕರೆಯುವುದು ವಾಡಿಕೆ. ದಮಸ್ಕದ ದಾರಿಯಲ್ಲಿ ಬೆಳಕು ಹೊಳೆದದ್ದೂ ಧ್ವನಿ ಕೇಳಿಸಿದ್ದೂ ಕೆಲವೇ ವಚನಗಳಲ್ಲಿ ಮುಗಿಯುತ್ತದೆ. ಉಳಿದ ಕಥೆಯೆಲ್ಲ ಬಾಗಿಲುಗಳದ್ದು. ಕಣ್ಣು ಕಾಣದ ಸೌಲನು ಮೂರು ದಿನ ಅನ್ನ ನೀರಿಲ್ಲದೆ ನೆಟ್ಟನೆ ಬೀದಿಯ ಒಂದು ಮನೆಯಲ್ಲಿ ಕೂತಿದ್ದಾನೆ. ಅವನ ಬಳಿಗೆ ಹೋಗೆಂದು ಕರ್ತನು ಆ ಊರಿನ ಶಿಷ್ಯನಾದ ಅನನೀಯನಿಗೆ ಹೇಳಿದಾಗ ಅನನೀಯನು ಹೆದರುತ್ತಾನೆ; ಹೆದರಲು ಸಕಾರಣವೂ ಇತ್ತು, ಏಕೆಂದರೆ ಸೌಲನು ಬಂದಿದ್ದೇ ಇವನಂಥವರನ್ನು ಕಟ್ಟಿಕೊಂಡು ಹೋಗಲು. ಆದರೂ ಹೋಗುತ್ತಾನೆ. ಹೋಗಿ, ಕೈಯಿಟ್ಟು, ಮೊದಲು ಆಡುವ ಮಾತು ‘ಸಹೋದರನೇ’. ಇನ್ನೂ ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ) ಆಗಿಲ್ಲ, ಹಳೆಯ ತಪ್ಪುಗಳ ಲೆಕ್ಕ ಕೊಟ್ಟಿಲ್ಲ. ಸಹೋದರನೆಂಬ ಮಾತೇ ಮೊದಲು ಬಂತು.

ಮುಂದೆ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನಿಗೆ ಹೆದರಿ ದೂರ ನಿಂತರು. ಆಗ ಬಾರ್ನಬನು ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋಗಿ, ಅವನ ಪರವಾಗಿ ತಾನೇ ಮಾತಾಡಿದನು. ಕೆಲವು ಕಾಲದ ಮೇಲೆ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವನೂ ಬಾರ್ನಬನೇ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಆ ಊರಿನಲ್ಲಿ. ದೇವರ ಕರೆ ಸೌಲನಿಗೆ ನೇರವಾಗಿ ಬಂತು, ನಿಜ. ಆದರೆ ಆ ಕರೆಯ ಮಿಕ್ಕ ಅರ್ಧವನ್ನು ದೇವರು ಅನನೀಯನ ಕಾಲಿಗೂ ಬಾರ್ನಬನ ನಾಲಿಗೆಗೂ ಒಪ್ಪಿಸಿದ್ದನು. ಅವರಿಬ್ಬರೂ ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ನಮ್ಮ ಕೊನೆಯ ಬೆಂಚಿನಲ್ಲಿ ಬಂದು ಕೂತವರನ್ನು ದೇವರು ಕರೆದಿರಬಹುದು; ನಾವು ಎದ್ದು ಹೋಗಿ ಮಾತಾಡಿಸದಿದ್ದರೆ ಆ ಕರೆಯನ್ನು ನಾವೇ ತಡೆದು ನಿಲ್ಲಿಸಿದಂತೆ.

ಮೊದಲ ಸಲ ಆರಾಧನೆಗೆ ಬರುವವನು ಏನು ತಿಳಿದಿರಬೇಕು?

ಏನೂ ತಿಳಿದಿರಬೇಕಾಗಿಲ್ಲ. ಆದರೂ ಮುಜುಗರವಾಗದಿರಲೆಂದು ಕೆಲವು ಮಾತು. ಎಲ್ಲಿ ಬೇಕಾದರೂ ಕೂರಬಹುದು. ಹಳ್ಳಿಯ ಅನೇಕ ದೇವಾಲಯಗಳಲ್ಲಿ ಚಪ್ಪಲಿ ಹೊರಗೆ ಬಿಡುತ್ತಾರೆ, ಪಟ್ಟಣಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಬಾಗಿಲಲ್ಲಿ ನೋಡಿದರೆ ತಿಳಿಯುತ್ತದೆ. ಹೆಂಗಸರು ಪ್ರಾರ್ಥನೆಯ ಹೊತ್ತಿಗೆ ತಲೆಯ ಮೇಲೆ ಸೆರಗು ಹಾಕಿಕೊಳ್ಳುವುದು ರೂಢಿ, ಹಾಕಿಕೊಳ್ಳದಿದ್ದರೆ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಕಾಣಿಕೆ ಚೀಲ ಬಂದಾಗ ಪಕ್ಕದವರಿಗೆ ದಾಟಿಸಿದರೆ ಸಾಕು. ಹೊಸಬರಿಂದ ಕಾಣಿಕೆ ನಿರೀಕ್ಷಿಸುವುದಿಲ್ಲ. ಕರ್ತನ ಭೋಜನವಿರುವ (ರೊಟ್ಟಿ, ದ್ರಾಕ್ಷಾರಸ ಹಂಚುವ) ಭಾನುವಾರ, ದೀಕ್ಷಾಸ್ನಾನ ಹೊಂದದವರು ತಮ್ಮ ಜಾಗದಲ್ಲೇ ಕೂತು ಪ್ರಾರ್ಥಿಸಬಹುದು. ಅದು ಅವಮಾನವಲ್ಲವೆಂದು ಅಯ್ಯನವರು ಮುಂಚೆಯೇ ಹೇಳಿದರೆ ಎಷ್ಟೋ ಕಸಿವಿಸಿ ತಪ್ಪುತ್ತದೆ.

ಹೊಸಬರು ಬಂದಾಗ ಸಭೆಯವರು ಹೇಗೆ ನಡೆದುಕೊಳ್ಳಬೇಕು?

ನಾನು ಕಣ್ಣಾರೆ ಕಂಡ ಒಂದನ್ನು ಹೇಳುತ್ತೇನೆ. ಮಳೆಗಾಲದ ಒಂದು ಭಾನುವಾರ, ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಬಂದಿದ್ದ ಒಬ್ಬ ಯುವತಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಗೀತೆಯ ನಂಬರ್ ಹೇಳಿದರು. ಎಲ್ಲರ ಕೈಯಲ್ಲೂ ಸಂಗೀತ ಪುಸ್ತಕ ತೆರೆದುಕೊಂಡಿತು, ಅವಳ ಕೈಯಲ್ಲಿ ಏನೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ಹಿಂದೆ ಬಂದು ಅವಳ ಪಕ್ಕ ಕೂತು, ತಮ್ಮ ಪುಸ್ತಕವನ್ನು ಇಬ್ಬರ ತೊಡೆಗಳ ನಡುವೆ ಹರವಿ, ಹಾಡು ಸಾಗಿದಂತೆ ಸಾಲಿನ ಕೆಳಗೆ ಬೆರಳು ಸರಿಸುತ್ತಾ ಹೋದರು. ಅಜ್ಜಿಗೆ ಪುಸ್ತಕದ ಅಗತ್ಯವೇ ಇರಲಿಲ್ಲ, ಅವರಿಗೆ ಆ ಗೀತೆ ಬಾಯಿಪಾಠ. ಹೆಸರು ಊರು ಕೇಳಲಿಲ್ಲ. ಆರಾಧನೆ ಮುಗಿದ ಮೇಲೆ "ಬಾ ಮಗಾ, ಟೀ ಕುಡಿದು ಹೋಗುವೆಯಂತೆ" ಎಂದರು, ಅಷ್ಟೇ.

ಹೊಸಬರನ್ನು ಎದ್ದು ನಿಲ್ಲಿಸಿ, ಮೈಕ್ ಕೊಟ್ಟು, ಪರಿಚಯ ಹೇಳಿಸುವ ಪದ್ಧತಿ ಅನೇಕ ಕಡೆ ಇದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ನಾಚಿಕೆಯ ಸ್ವಭಾವದವರಿಗೆ, ಮನೆಯವರಿಗೆ ಹೇಳದೆ ಬಂದವರಿಗೆ ಅದು ಶಿಕ್ಷೆ. ಮೊದಲ ದಿನವೇ ಫೋನ್ ನಂಬರ್ ಪಡೆದು ಸಂಜೆಯೊಳಗೆ ಹತ್ತು ಸಂದೇಶ ಕಳುಹಿಸುವುದೂ ಸಲ್ಲದು. ಬಾಗಿಲಲ್ಲಿ ನಿಲ್ಲಲು ಸ್ಥಾನಮಾನದ ದೃಷ್ಟಿಯಿಂದ ಜನರನ್ನು ಆರಿಸಬೇಡಿ, ಮುಖ ನೋಡಿ ಮನಸ್ಸು ಅರಿಯಬಲ್ಲವರನ್ನು ನಿಲ್ಲಿಸಿ.

ಹೊಸಬರ ಜಾತಿ ಕೇಳಿದರೆ ತಪ್ಪೇ?

ತಪ್ಪು. ನೇರವಾಗಿ ಯಾರೂ ಕೇಳುವುದಿಲ್ಲ, "ನಿಮ್ಮದು ಯಾವ ಕಡೆ?", "ನಿಮ್ಮ ತಂದೆಯ ಮನೆತನ ಯಾವುದು?" ಎಂದು ಸುತ್ತಿ ಬಳಸಿ ಕೇಳುತ್ತಾರೆ, ಕೇಳಿಸಿಕೊಂಡವರಿಗೆ ಅದರ ಅರ್ಥ ತಕ್ಷಣ ತಿಳಿಯುತ್ತದೆ. ಯಾಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ ಕೊಟ್ಟು, ಕೊಳಕು ಬಟ್ಟೆಯ ಬಡವನಿಗೆ ಅಲ್ಲೇ ನಿಲ್ಲು ಅಥವಾ ಕಾಲ ಬಳಿ ಕೂರು ಎನ್ನುವ ಸಭೆಯ ಚಿತ್ರವಿದೆ. ನಮ್ಮಲ್ಲಿ ಉಂಗುರದ ಜಾಗದಲ್ಲಿ ಮನೆತನ ಕೂತಿದೆ. ಜಾತಿಯ ಗಾಯದಿಂದ ಬಿಡುಗಡೆ ಹುಡುಕಿ ಬಂದ ತಾತಂದಿರ ಮೊಮ್ಮಕ್ಕಳು ಆ ಪ್ರಶ್ನೆಯನ್ನು ದೇವಾಲಯದ ಅಂಗಳದಲ್ಲೇ ಕೇಳುವುದು ನನಗೆ ಸಹಿಸಲಾಗದ ಸಂಗತಿ, ಮತ್ತು ಇದನ್ನು ಸಭಾಪಾಲಕರು ಪ್ರಸಂಗಪೀಠದಿಂದ ಹೆಸರಿಟ್ಟು ಖಂಡಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬೇರೆ ಧರ್ಮದ ಮನೆಯಿಂದ ಬಂದವರಿಗೆ ಬೇಗ ದೀಕ್ಷಾಸ್ನಾನ ಕೊಡಬೇಕೇ?

ಅವಸರ ಬೇಡ. ಬಂದವರು ಕೇಳಲಿ, ಓದಲಿ, ಸಂದೇಹಪಡಲಿ. ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆ ಸ್ವಾತಂತ್ರ್ಯದಲ್ಲಿ ಬೇಡವೆಂದು ಹಿಂದಿರುಗುವ ಸ್ವಾತಂತ್ರ್ಯವೂ ಸೇರಿದೆ. ಆಮಿಷದಿಂದ ಬಂದ ಒಪ್ಪಿಗೆ ದೇವರ ಕರೆಗೆ ಕೊಟ್ಟ ಉತ್ತರವಾಗಲಾರದು. ಮುಂದಿನ ಪರಿಣಾಮಗಳನ್ನು ಬಚ್ಚಿಡದೆ ಹೇಳುವುದೂ ನಮ್ಮ ಕರ್ತವ್ಯ. ಉದಾಹರಣೆಗೆ, 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂಗಳಿಗೆ, ಆಮೇಲಿನ ತಿದ್ದುಪಡಿಗಳಿಂದ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ ದೊರೆಯುತ್ತದೆ, ಕ್ರೈಸ್ತರಾದವರಿಗೆ ದೊರೆಯುವುದಿಲ್ಲ. ಇದು ಅನ್ಯಾಯವೆಂದು ನಾನು ನಂಬುತ್ತೇನೆ, ಆದರೆ ಒಬ್ಬ ವಿದ್ಯಾರ್ಥಿಗೆ ಇದನ್ನು ಮೊದಲೇ ತಿಳಿಸದಿರುವುದು ಇನ್ನೊಂದು ಅನ್ಯಾಯ.

ಕರಾವಳಿಯ ಇತಿಹಾಸ ಇಲ್ಲಿ ನೆನಪಿಗೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಶಾಲೆಯ ವಿದ್ಯಾರ್ಥಿಯಾಗಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರಿನಲ್ಲಿ ದೊಡ್ಡ ಗದ್ದಲವಾಯಿತು. ಆ ಮಿಶನಿನ ಪಾದ್ರಿ ಹೆರ್ಮನ್ ಮೋಗ್ಲಿಂಗರು ಅವರನ್ನು ತಮ್ಮ ಮನೆಯವನಂತೆಯೇ ಕಂಡರು. ಬಾಸೆಲಿಗೆ ಹೋಗಿ ಓದಿದ ಕೌಂಡಿನ್ಯರು 1851ರಲ್ಲಿ ಸಭಾಸೇವೆಗೆ ದೀಕ್ಷೆ ಪಡೆದು ಮರಳಿ ಬಂದರು. ಬಡವರ ಪಾಡು ಬೇರೆ: ಧರ್ಮ ಬಿಟ್ಟವರಿಗೆ ಗೇಣಿಯ ಭೂಮಿ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಅವರಿಗೆ ಅನ್ನದ ದಾರಿಯಾಗಲೆಂದೇ ಮಿಶನಿನವರು ನೇಯ್ಗೆ ಶಾಲೆ ತೆರೆದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಮಂಗಳೂರು ಹಂಚಿನ ಮೂಲ ಅದು. ಮನೆ, ಕೆಲಸ, ನೆರೆಹೊರೆ ಕಳೆದುಕೊಂಡು ಬಂದವನಿಗೆ ಹಸ್ತಲಾಘವ ಮಾತ್ರ ಸಾಲದೆಂದು ಅವರು ಅರಿತಿದ್ದರು. ಸಂಬಳ ಕೊಡುವವರೂ ಸಭೆಯನ್ನು ಆಳುವವರೂ ಒಬ್ಬರೇ ಆದಾಗ ಬರುವ ತೊಡಕೂ ಅಲ್ಲಿ ಇದ್ದೇ ಇತ್ತು. ಇಂದು ನಾವು ಕೆಲಸ ಹುಡುಕಿಕೊಡಬಹುದು, ಬಾಡಿಗೆ ಮನೆ ತೋರಿಸಬಹುದು, ಆದರೆ ಅದನ್ನು ದೀಕ್ಷಾಸ್ನಾನಕ್ಕೆ ಗಂಟುಹಾಕಬಾರದು. ಕೊನೆಯವರೆಗೂ ದೀಕ್ಷಾಸ್ನಾನ ಕೇಳದವರಿಗೂ ಅದೇ ಸಹಾಯ ಸಲ್ಲಬೇಕು.

ಬೇರೆ ಊರಿನ ಸಭೆಯಿಂದ ವರ್ಗವಾಗಿ ಬಂದವರು?

ಹಿಂದಿನ ಸಭೆಯಿಂದ ಸದಸ್ಯತ್ವದ ಪತ್ರ ತಂದರೆ ಒಳ್ಳೆಯದು, ಇಲ್ಲದಿದ್ದರೆ ಆಮೇಲೆ ತರಿಸಿಕೊಳ್ಳಬಹುದು. ಬೀದರಿನಿಂದಲೋ ಗದಗದಿಂದಲೋ ಬೆಂಗಳೂರಿಗೆ ಬಂದವರು ನಾವು ಹುಟ್ಟು ಕ್ರೈಸ್ತರಲ್ಲವೇ ಎಂದುಕೊಂಡೇ ಬಂದು, ಯಾರೂ ಮಾತಾಡಿಸದೆ ವರ್ಷಗಟ್ಟಲೆ ಅಪರಿಚಿತರಾಗಿ ಉಳಿಯುವುದುಂಟು. ಇವರ ಒಂಟಿತನ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೋಸ ಮಾಡಲು ಬರುವವರೂ ಇರುತ್ತಾರಲ್ಲ?

ಇರುತ್ತಾರೆ. ಆದಿಸಭೆಯ ಕಾಲದ ‘ದಿದಖೆ’ ಎಂಬ ಸಣ್ಣ ಬೋಧನಾಗ್ರಂಥದಲ್ಲೇ ಇದಕ್ಕೆ ಉತ್ತರವಿದೆ: ಕರ್ತನ ಹೆಸರಿನಲ್ಲಿ ಬಂದವನನ್ನು ಮೊದಲು ಸೇರಿಸಿಕೊಳ್ಳಿ, ಆಮೇಲೆ ಪರೀಕ್ಷಿಸಿ. ದಾರಿಹೋಕನಾದರೆ ಎರಡು ಮೂರು ದಿನ ಇಟ್ಟುಕೊಳ್ಳಿ. ನೆಲೆಸಬೇಕೆಂದರೆ ದುಡಿದು ಉಣ್ಣಲಿ. ಮಕ್ಕಳ ಹೊಣೆ, ಹಣದ ಹೊಣೆ ಇವನ್ನು ಹೊಸಬರಿಗೂ ಹಳಬರಿಗೂ ವಿಚಾರಿಸದೆ ಕೊಡಬೇಡಿ.

ಹೊಸಬರು ಬಂದರೆ ನಮ್ಮ ಸಭೆ ಬದಲಾಗಬೇಕೇ?

ಬದಲಾಗುತ್ತದೆ, ಬದಲಾಗಲಿ. ಯೆಹೂದ್ಯರಲ್ಲದ ಅನ್ಯಜನರು ಸಭೆಗೆ ಬಂದಾಗ ಸುನ್ನತಿಯ ಹೊರೆಯನ್ನು ಅವರ ಮೇಲೆ ಹೊರಿಸುವುದಿಲ್ಲವೆಂದು ಯೆರೂಸಲೇಮಿನ ಹಿರಿಯರು ದೀರ್ಘವಾಗಿ ಚರ್ಚಿಸಿ ತೀರ್ಮಾನಿಸಿದರು. ಬದಲಾದದ್ದು ಹಳಬರ ರೂಢಿ. ಫಿಲಿಪ್ಪಿಯಲ್ಲಿ ಬೆಲೆಬಾಳುವ ಧೂಮ್ರವರ್ಣದ ವಸ್ತ್ರ ಮಾರುತ್ತಿದ್ದ ಲುದ್ಯಳು ದೀಕ್ಷಾಸ್ನಾನವಾದ ಕೂಡಲೇ ಪೌಲನನ್ನೂ ಅವನ ಜೊತೆಯವರನ್ನೂ ಒತ್ತಾಯಮಾಡಿ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಸದಾಗಿ ಬಂದವಳೇ ಮನೆಯೊಡತಿಯಾಗಿ, ಕರೆತಂದವರು ಅತಿಥಿಗಳಾದರು. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ತಮ್ಮ ತಾಳ, ಡೋಲಕ್ ತಂದು ಭಜನೆಯ ಧಾಟಿಯಲ್ಲಿ ಹಾಡಿದರೆ, ಆರ್ಗನ್ ಮಾತ್ರ ಕೇಳಿ ಬೆಳೆದ ನಾವು ಕಲಿಯೋಣ.

ಹಿಂದೆ ಬಂದು, ನೋವುಂಡು ಬಿಟ್ಟುಹೋದವರಿಗೆ ಏನು ಹೇಳುತ್ತೀರಿ?

ಮೊದಲು ಕ್ಷಮೆ ಕೇಳುತ್ತೇನೆ. ಎಷ್ಟೋ ವರ್ಷಗಳ ಕೆಳಗೆ, ನಾನು ಸೇರಿದ್ದ ಸಭೆಯಲ್ಲಿ, ಹೊಸದಾಗಿ ಬಂದ ಒಬ್ಬರು ಮೂರನೆಯ ಸಾಲಿನ ಬೆಂಚಿನಲ್ಲಿ ಕೂತರು. ಅದು ನಮ್ಮ ಮನೆಯವರು ತಲೆಮಾರಿನಿಂದ ಕೂರುತ್ತಿದ್ದ ಜಾಗ. "ಇದು ನಮ್ಮ ಜಾಗ, ಸ್ವಲ್ಪ ಹಿಂದೆ ಕೂತುಕೊಳ್ಳಿ" ಎಂದವನು ನಾನೇ. ಅವರು ಮಾತಾಡದೆ ಎದ್ದರು; ಹಿಂದೆ ಕೂರಲಿಲ್ಲ, ಹೊರಗೆ ಹೋದರು. ಕೆಲವು ತಿಂಗಳ ಮೇಲೆ ವಿಳಾಸ ಹುಡುಕಿ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಒಳಗೆ ಕರೆದು, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು, ತಾವು ಚಾಪೆಯ ಮೇಲೆ ಕೂತು ಚಹಾ ಕೊಟ್ಟರು. ನಮ್ಮ ಸಭೆಗೆ ಅವರು ಮತ್ತೆ ಬರಲಿಲ್ಲ. ಬೇರೊಂದು ಸಭೆಯಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೆ ಹಾಡು ಕಲಿಸುತ್ತಾರೆ. ವರ್ಷಕ್ಕೊಮ್ಮೆ ಬೆಳೆ ಹಬ್ಬದ ದಿನ ನಾನು ಅಲ್ಲಿಗೆ ಹೋಗುತ್ತೇನೆ, ಅವರು ತಮ್ಮ ಪಕ್ಕದಲ್ಲಿ ನನಗೆ ಜಾಗ ಹಿಡಿದಿಟ್ಟಿರುತ್ತಾರೆ.